ಸೈತ್ ಲೋಕದ ಆಟಗಳಲ್ಲಿ ನಿಮಗೆ ಯಾವುದು? ದುಡ್ಡು ಹಾಕುವ ಮುಂಚೆ ಒಮ್ಮೆ ಓದಿ

ಸೈತ್ ಅನ್ನೋ ಬೋರ್ಡ್ ಗೇಮ್‌ನ ಪೆಟ್ಟಿಗೆಯ ಚಿತ್ರ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ: "ಆ ದೈತ್ಯ ಯಂತ್ರಗಳಲ್ಲಿ ಹೊಡೆದಾಡೋದು ಹೇಗೆ?" ನಿಜ ಹೇಳಬೇಕು ಅಂದ್ರೆ ಹೊಡೆದಾಟ ತುಂಬಾ ಕಮ್ಮಿ. ಒಬ್ಬೊಬ್ಬರಿಗೆ ಒಂದೋ ಎರಡೋ ಜಗಳ ಸಿಕ್ಕರೆ ಹೆಚ್ಚು, ಕೆಲವು ಆಟಗಳಲ್ಲಿ ಅದೂ ಇಲ್ಲ. ಇದು ಬೆಳೆ ಬೆಳೆದು, ಕಬ್ಬಿಣ ತೆಗೆದು, ಆಳುಗಳನ್ನು ಹೆಚ್ಚಿಸಿ, ಎಲ್ಲರಿಗಿಂತ ಮುಂಚೆ ವ್ಯವಸ್ಥೆ ಕುದುರಿಸಿಕೊಳ್ಳುವ ಓಟ. ಮೆಕ್‌ಗಳು, ಅಂದ್ರೆ ಆ ದೈತ್ಯ ಯಂತ್ರಗಳು, ಹೆಚ್ಚಿನ ಹೊತ್ತು ಹೊಲದ ಬೆದರುಬೊಂಬೆ ಇದ್ದ ಹಾಗೆ ನಿಂತಿರುತ್ತವೆ: ಇವೆ ಅನ್ನೋದೇ ಕೆಲಸ ಮಾಡುತ್ತದೆ. ಇದು ಗೊತ್ತಿಲ್ಲದೆ ಯುದ್ಧದ ಆಟ ಅಂದುಕೊಂಡು ತಂದವರು ಬೇಜಾರಾಗಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತಾರೆ.

ಅದೇ ಲೋಕದಲ್ಲಿ ಈಗ ಹಲವು ಆಟಗಳಿವೆ. ಮೇಜಿನ ಮೇಲೆ ಆಡುವ ಮೂಲ ಸೈತ್, ಅದರ ಕಂಪ್ಯೂಟರ್-ಮೊಬೈಲ್ ರೂಪ, ಮುಂದಿನ ಕಥೆಯ ಎಕ್ಸ್‌ಪೆಡಿಷನ್ಸ್, ಮಕ್ಕಳಿಗಾಗಿ ಮೈ ಲಿಟಲ್ ಸೈತ್, ಮತ್ತೆ ನಿಜವಾಗಿಯೂ ಗುಂಡು ಹಾರಿಸುವ ಐರನ್ ಹಾರ್ವೆಸ್ಟ್. ಒಂದರ ಆಸೆಗೆ ಇನ್ನೊಂದು ಕೊಳ್ಳುವುದು ಸುಲಭ, ಯಾಕಂದ್ರೆ ಹೆಚ್ಚಿನವುಗಳ ಚಿತ್ರ ಒಂದೇ ಥರ. ನನ್ನ ಪ್ರಕಾರ ಆರಿಸಬೇಕಾದ್ದು ಚಿತ್ರ ನೋಡಿ ಅಲ್ಲ, ನಿಮ್ಮ ಮೇಜಿಗೆ ಯಾರು ಬಂದು ಕೂರುತ್ತಾರೆ ಅಂತ ನೋಡಿ. ತಿಂಗಳಿಗೆ ಒಂದೆರಡು ಸಲವಾದರೂ ಸೇರುವ ಮೂರು-ನಾಲ್ಕು ಜನ ಇದ್ದರೆ ಪೆಟ್ಟಿಗೆ. ಇಲ್ಲದಿದ್ದರೆ ಮೊದಲು ಪರದೆ.

ಲೋಕದ ಬಗ್ಗೆ ಎರಡು ಮಾತು

ಇದು ಶುರುವಾದದ್ದು ಆಟದಿಂದಲ್ಲ, ಚಿತ್ರಗಳಿಂದ. ಪೋಲೆಂಡ್‌ನ ಕಲಾವಿದ ಯಾಕುಬ್ ರೂಝಾಲ್ಸ್ಕಿ '1920+' ಅಂತ ಒಂದು ಚಿತ್ರಮಾಲೆ ಮಾಡಿದರು. ಮುಂದೆ ಗೋಧಿ ಕುಯ್ಯುವ ಹೆಂಗಸರು, ಕುದುರೆ ಗಾಡಿ, ಮಂಜು. ಹಿಂದೆ ಮನೆಗಿಂತ ಎತ್ತರದ ಉಕ್ಕಿನ ಯಂತ್ರ ನಡೆದು ಬರುತ್ತಿರುತ್ತದೆ, ಹೊಲದಲ್ಲಿದ್ದವರು ತಲೆ ಎತ್ತಿಯೂ ನೋಡುವುದಿಲ್ಲ. ಅಮೆರಿಕದ ಸ್ಟೋನ್‌ಮೇಯರ್ ಗೇಮ್ಸ್‌ನ ಜೇಮಿ ಸ್ಟೆಗ್‌ಮೇಯರ್ ಈ ಚಿತ್ರಗಳ ಮೇಲೆ ಆಟ ಕಟ್ಟಿದರು. 2015ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಎತ್ತಿ 2016ರಲ್ಲಿ ಹೊರತಂದರು.

ಹಿಂದಿರುವ ಇತಿಹಾಸ ನಿಜವಾದ್ದೇ, ಸ್ವಲ್ಪ ತಿರುಚಿದ್ದು ಅಷ್ಟೇ. 1919ರಿಂದ 1921ರವರೆಗೆ ಪೋಲೆಂಡ್ ಮತ್ತು ಸೋವಿಯತ್ ನಡುವೆ ಯುದ್ಧ ನಡೆಯಿತು, 1920ರ ಆಗಸ್ಟ್‌ನಲ್ಲಿ ವಾರ್ಸಾ ಬಾಗಿಲಲ್ಲಿ ಕೆಂಪು ಸೈನ್ಯ ಸೋತು ಹಿಂದೆ ಸರಿಯಿತು. ಆ ಕಾಲಕ್ಕೆ ಮೆಕ್‌ಗಳನ್ನು ಸೇರಿಸಿದರೆ ಆಟದ ಪೊಲಾನಿಯಾ ಮತ್ತು ರಸ್ವಿಯೆಟ್ ಬಣಗಳು ಸಿಗುತ್ತವೆ. ಕ್ರಿಮಿಯಾದ ಖಾನರ ರಾಜ್ಯವನ್ನು ರಷ್ಯಾ 1783ರಲ್ಲೇ ನುಂಗಿತ್ತು, ಆಟದಲ್ಲಿ ಅದು ಇನ್ನೂ ಜೀವಂತ. ಪೊಲಾನಿಯಾದ ನಾಯಕಿ ಅನ್ನಾಳ ಜೊತೆ ವೊಯ್ಟೆಕ್ ಅನ್ನೋ ಕರಡಿ ಇದೆಯಲ್ಲ, ಆ ಹೆಸರಿನ ಕರಡಿ ನಿಜಕ್ಕೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಪೋಲಿಷ್ ಫಿರಂಗಿ ದಳದ ಸೈನಿಕರ ಜೊತೆ ಇಟಲಿಗೆ ಹೋಗಿತ್ತು, ಸೈನ್ಯದ ಲೆಕ್ಕದಲ್ಲೇ ಅದನ್ನು ಸೇರಿಸಿಕೊಂಡಿದ್ದರು. ಆಟದ ಕಾಲಕ್ಕಿಂತ ಇಪ್ಪತ್ತು ವರ್ಷ ಈಚಿನದು, ಇರಲಿ ಬಿಡಿ.

ಪೆಟ್ಟಿಗೆಯ ಸೈತ್

1ರಿಂದ 5 ಜನ, ಪೆಟ್ಟಿಗೆಯ ಮೇಲೆ ಬರೆದಿರುವ ಸಮಯ 90ರಿಂದ 115 ನಿಮಿಷ, ವಯಸ್ಸು 14 ಮೇಲ್ಪಟ್ಟು. ಐದು ಹೊಸಬರು ಕೂತರೆ ಆ ಸಮಯ ನಂಬಬೇಡಿ. ನಿಯಮ ಹೇಳಿಕೊಡುವುದಕ್ಕೇ ಅರ್ಧ ಗಂಟೆ ಇಟ್ಟುಕೊಳ್ಳಿ, ಮಧ್ಯಾಹ್ನ ಊಟ ಮುಗಿಸಿ ಕೂತರೆ ಸಂಜೆ ಕಾಫಿಗೆ ಎದ್ದೇಳಬಹುದು.

ಪ್ರತಿಯೊಬ್ಬರ ಮುಂದೆ ಎರಡು ಹಲಗೆ ಇರುತ್ತವೆ. ಒಂದು ನಿಮ್ಮ ಬಣದ್ದು, ಇನ್ನೊಂದು ಕೆಲಸಗಳದ್ದು. ಕೆಲಸದ ಹಲಗೆಯಲ್ಲಿ ನಾಲ್ಕು ಕಂಬ. ಪ್ರತಿ ಕಂಬದಲ್ಲೂ ಮೇಲೊಂದು ಕೆಲಸ, ಕೆಳಗೊಂದು ಕೆಲಸ. ಮೇಲಿನವು ಸುಲಭದವು: ನಡೆಸುವುದು, ಯುದ್ಧಕ್ಕೆ ಬೇಕಾದ ಪವರ್ ಅಥವಾ ಕಾರ್ಡ್ ಪಡೆಯುವುದು, ವ್ಯಾಪಾರ, ಉತ್ಪಾದನೆ. ಕೆಳಗಿನವು ದುಬಾರಿ: ಮೆಕ್ ಇಳಿಸುವುದು, ಕಟ್ಟಡ ಕಟ್ಟುವುದು, ಸುಧಾರಣೆ, ಸೈನ್ಯಕ್ಕೆ ಸೇರಿಸುವುದು. ನಿಮ್ಮ ಸರದಿ ಬಂದಾಗ ಒಂದು ಕಂಬ ಆರಿಸಿ, ಮೇಲಿನದು ಮಾಡಿ, ಸಾಮಾನು ಇದ್ದರೆ ಕೆಳಗಿನದನ್ನೂ ಮಾಡಿ. ಮುಂದಿನ ಸಲ ಅದೇ ಕಂಬ ಮುಟ್ಟುವಂತಿಲ್ಲ. ಇಷ್ಟೇ. ಅದಕ್ಕೇ ಒಬ್ಬೊಬ್ಬರ ಸರದಿ ಬೇಗ ಮುಗಿಯುತ್ತದೆ, ಫೋನ್ ತೆಗೆದು ನೋಡುವಷ್ಟು ಪುರುಸೊತ್ತು ಸಿಗುವುದಿಲ್ಲ.

ಈ ಹಲಗೆಯಲ್ಲೇ ಆಟದ ಜಾಣತನವೆಲ್ಲ ಇದೆ. ಸುಧಾರಣೆ ಮಾಡಿದಾಗ ಮೇಲಿನ ಸಾಲಿನಿಂದ ಒಂದು ಮರದ ತುಂಡು ಎತ್ತಿ ಕೆಳಗಿನ ಸಾಲಿನ ಒಂದು ಗುಂಡಿಗೆ ಇಡುತ್ತೀರಿ. ಎತ್ತಿದ ಜಾಗದಲ್ಲಿ ಲಾಭ ಜಾಸ್ತಿ ಕಾಣಿಸುತ್ತದೆ, ಇಟ್ಟ ಜಾಗದಲ್ಲಿ ಖರ್ಚು ಮುಚ್ಚಿಹೋಗುತ್ತದೆ. ನಿಮ್ಮ ಆರ್ಥಿಕತೆ ಬೆಳೆಯುವುದು ಬೆರಳಿಗೆ ತಾಗುತ್ತದೆ. ಉತ್ಪಾದನೆಯಲ್ಲಿ ಇದರ ಉಲ್ಟಾ: ಆಳುಗಳನ್ನು ಹೆಚ್ಚಿಸಿದ ಹಾಗೆ ಉತ್ಪಾದನೆಗೆ ಪವರ್, ಜನಪ್ರಿಯತೆ, ನಾಣ್ಯ ಕಟ್ಟಬೇಕಾಗುತ್ತದೆ. ಎಂಟೂ ಆಳು ತಂದರೆ ಸ್ಟಾರ್ (ಒಂದು ಗುರಿ ಮುಟ್ಟಿದ್ದಕ್ಕೆ ಇಡುವ ಗುರುತು) ಸಿಗುತ್ತದೆ, ಆದರೆ ಅವರನ್ನು ಸಾಕುವ ಖರ್ಚೂ ಬರುತ್ತದೆ. ಸೈನ್ಯಕ್ಕೆ ಸೇರಿಸುವುದಂತೂ ಅಕ್ಕಪಕ್ಕ ಕೂತವರ ಮೇಲೆ ನಿಂತಿದೆ. ನಿಮ್ಮ ಎಡಬಲದವರು ಒಂದು ಕೆಳಗಿನ ಕೆಲಸ ಮಾಡಿದಾಗಲೆಲ್ಲ ನಿಮಗೂ ಒಂದಿಷ್ಟು ಬರುತ್ತದೆ, ಹಾಗಾಗಿ ಯಾರ ಪಕ್ಕ ಕೂತಿದ್ದೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ದಾಳ ಇಲ್ಲವೇ ಇಲ್ಲ. ಜಗಳ ಹೇಗೆ ಆಗುತ್ತದೆ ಅಂತ ಒಂದನ್ನು ಹತ್ತಿರದಿಂದ ನೋಡೋಣ. ನಕ್ಷೆಯ ನಟ್ಟನಡುವೆ ಫ್ಯಾಕ್ಟರಿ ಇದೆ, ಅಲ್ಲಿ ಪೊಲಾನಿಯಾದ ಅನ್ನಾ ಮತ್ತು ಒಂದು ಮೆಕ್ ನಿಂತಿವೆ. ಅವರ ಹತ್ತಿರ 7 ಪವರ್, ಕೈಯಲ್ಲಿ ಒಂದೇ ಯುದ್ಧದ ಕಾರ್ಡ್, ಅದೂ 2ರದ್ದು. ರಸ್ವಿಯೆಟ್ ಎರಡು ಮೆಕ್ ತಂದು ಒಳಗೆ ನುಗ್ಗಿತು. ಇಬ್ಬರೂ ಒಂದು ಗುಂಡನೆ ಚಕ್ರವನ್ನು ಕೈಯಲ್ಲಿ ಮರೆಮಾಡಿ ಎಷ್ಟು ಪವರ್ ಸುರಿಯುತ್ತೇವೆ ಅಂತ ತಿರುಗಿಸುತ್ತಾರೆ, 7ಕ್ಕಿಂತ ಹೆಚ್ಚು ಆಗುವಂತಿಲ್ಲ. ನಾಯಕ ಅಥವಾ ಮೆಕ್ ಒಂದಕ್ಕೆ ಒಂದು ಕಾರ್ಡ್ ಸಿಕ್ಕಿಸಬಹುದು. ಹೆದರಿದ ಪೊಲಾನಿಯಾ 7ನ್ನೂ ಸುರಿದು ಕಾರ್ಡನ್ನೂ ಹಾಕಿತು, ಒಟ್ಟು 9. ರಸ್ವಿಯೆಟ್ 4 ತಿರುಗಿಸಿ ಮೂರರದ್ದೊಂದು, ಎರಡರದ್ದೊಂದು ಕಾರ್ಡ್ ಹಾಕಿತು, ಅದೂ 9. ಸಮ ಬಂದರೆ ದಾಳಿ ಮಾಡಿದವರದ್ದೇ ಗೆಲುವು. ಪೊಲಾನಿಯಾದ ಪವರ್ ಸೊನ್ನೆ, ಅನ್ನಾ ಮತ್ತು ಮೆಕ್ ತಮ್ಮ ತವರಿಗೆ ವಾಪಸ್. ಯಾರೂ ಸಾಯುವುದಿಲ್ಲ, ಏನೂ ಮುರಿಯುವುದಿಲ್ಲ. ಸೋತವರು ಒಂದಾದರೂ ಪವರ್ ಖರ್ಚು ಮಾಡಿದ್ದರೆ ಸಮಾಧಾನಕ್ಕೆ ಒಂದು ಕಾರ್ಡ್. ಅಲ್ಲಿ ಆಳುಗಳು ಇದ್ದಿದ್ದರೆ ಅವರೂ ಓಡಬೇಕಿತ್ತು, ಓಡಿಸಿದವರಿಗೆ ಆಳಿಗೊಂದರಂತೆ ಜನಪ್ರಿಯತೆ ಕಡಿತ.

ಇದಕ್ಕಿಂತ ಮಜಾ ಏನು ಗೊತ್ತಾ? ಸೋಲುತ್ತೇನೆ ಅಂತ ಗೊತ್ತಿದ್ದವರು ಸೊನ್ನೆ ತಿರುಗಿಸಿ ಗಂಭೀರವಾಗಿ ಕೂರುವುದು. ಎದುರಿನವರು 7ನ್ನೂ ಸುರಿದು ಗೆಲ್ಲುತ್ತಾರೆ, ಮುಂದಿನ ಸರದಿಯಲ್ಲಿ ಮೂರನೆಯವರು ಬಂದು ಅವರನ್ನು ಪುಕ್ಕಟೆಯಾಗಿ ಎತ್ತಿ ಹಾಕುತ್ತಾರೆ.

ಆರನೇ ಸ್ಟಾರ್ ಯಾರಾದರೂ ಇಟ್ಟ ಕ್ಷಣಕ್ಕೆ ಆಟ ನಿಲ್ಲುತ್ತದೆ, "ಇನ್ನೊಂದು ಸುತ್ತು" ಅನ್ನೋ ಮಾತೇ ಇಲ್ಲ. ಆದರೆ ನಿಲ್ಲಿಸಿದವರೇ ಗೆದ್ದರು ಅಂತ ಅಲ್ಲ. ಜನಪ್ರಿಯತೆ 6ರೊಳಗೆ ಇದ್ದರೆ ಸ್ಟಾರ್‌ಗೆ 3 ನಾಣ್ಯ, ಹಿಡಿದ ಜಾಗಕ್ಕೆ 2, ಎರಡೆರಡು ಸಾಮಾನಿಗೆ 1. ಜನಪ್ರಿಯತೆ 13 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೇ 5, 4, 3. ಈಗ ಲೆಕ್ಕ ಹಾಕಿ. ಒಬ್ಬರಿಗೆ 6 ಸ್ಟಾರ್, 8 ಜಾಗ, 6 ಸಾಮಾನು, ಆದರೆ ಜನಪ್ರಿಯತೆ 5: 18, 16, 3 ಸೇರಿ 37. ಇನ್ನೊಬ್ಬರಿಗೆ ಬರೀ 4 ಸ್ಟಾರ್, ಜಾಗ ಸಾಮಾನು ಅಷ್ಟೇ, ಜನಪ್ರಿಯತೆ 13: 20, 32, 9 ಸೇರಿ 61. ಕೈಯಲ್ಲಿರುವ ನಾಣ್ಯ ಬೇರೆ. ಎಲ್ಲರನ್ನೂ ಹೊಡೆದು ಓಡಾಡಿದವರು ಸೋಲುವುದು ಹೀಗೆ. ಇದು ಅನ್ಯಾಯ ಅನ್ನಿಸಿದರೆ ಸೈತ್ ನಿಮ್ಮ ಆಟ ಅಲ್ಲ, ಐರನ್ ಹಾರ್ವೆಸ್ಟ್ ಹತ್ತಿರ ಹೋಗಿ.

ಇಂಗ್ಲಿಷ್ ಓದಲು ಕಷ್ಟಪಡುವವರ ಜೊತೆ ಆಡಬಹುದಾ? ಮುಕ್ಕಾಲು ಪಾಲು ಆಡಬಹುದು. ಹಲಗೆಗಳಲ್ಲಿ ಚಿಹ್ನೆಗಳೇ ಹೆಚ್ಚು, ಯುದ್ಧದ ಕಾರ್ಡ್‌ನಲ್ಲಿ ಇರುವುದು ಬರೀ ಅಂಕಿ. ದಾರಿಯಲ್ಲಿ ಸಿಗುವ ಮುಖಾಮುಖಿ ಕಾರ್ಡ್‌ಗಳಲ್ಲಿ ರೂಝಾಲ್ಸ್ಕಿ ಚಿತ್ರ, ಕೆಳಗೆ ಮೂರು ಆಯ್ಕೆ ಇರುತ್ತವೆ. ಅವನ್ನು ಹೇಗೂ ಎಲ್ಲರೆದುರು ಓದುವುದು, ಕನ್ನಡದಲ್ಲಿ ಹೇಳಿದರಾಯಿತು. ತೊಡಕು ಗುಟ್ಟಿನ ಗುರಿ ಕಾರ್ಡ್‌ಗಳದ್ದು ಮಾತ್ರ. ಆಟ ಶುರುವಾಗುವ ಮುಂಚೆ ಅವರ ಎರಡು ಕಾರ್ಡ್‌ಗಳ ಅರ್ಥ ಒಂದು ಚೀಟಿಯಲ್ಲಿ ಬರೆದುಕೊಡಿ.

ಇಬ್ಬರೇ ಆಡುವುದಾದರೆ ನಾನು ಪೆಟ್ಟಿಗೆ ಕೊಳ್ಳಿ ಅನ್ನುವುದಿಲ್ಲ. ನಕ್ಷೆ ದೊಡ್ಡದು, ಇಬ್ಬರೂ ಎದುರುಬದುರಾಗದೆ ತಮ್ಮ ತಮ್ಮ ಹೊಲ ಉಳುತ್ತಾ ಕೂರುತ್ತಾರೆ. ಒಬ್ಬರೇ ಆಡುವವರಿಗೆ ಆಟೊಮಾ ಅಂತ ಕಾರ್ಡ್‌ಗಳ ಕೃತಕ ಎದುರಾಳಿ ಪೆಟ್ಟಿಗೆಯಲ್ಲೇ ಇದೆ, ಚೆನ್ನಾಗಿದೆ, ಆದರೆ ಅದರ ನಿಯಮಗಳನ್ನೇ ಬೇರೆ ಕಲಿಯಬೇಕು. ಮೂರರಿಂದ ಐದು ಜನ ಇದ್ದಾಗಲೇ ನಕ್ಷೆ ಬಿಗಿಯಾಗುವುದು. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ, ಪೆಟ್ಟಿಗೆ ಭಾರ ಇದೆ. ನಿಮ್ಮ ಊರಲ್ಲಿ ಬೋರ್ಡ್ ಗೇಮ್ ಕೆಫೆ ಇದ್ದರೆ ಅಲ್ಲಿ ಒಮ್ಮೆ ಆಡಿ ನೋಡುವುದು ಎಲ್ಲಕ್ಕಿಂತ ಅಗ್ಗದ ದಾರಿ.

ಪರದೆಯ ಸೈತ್

ಡಿಜಿಟಲ್ ಎಡಿಷನ್ ಅಂತ 2018ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂತು, ಆಮೇಲೆ ಮೊಬೈಲ್‌ಗೂ. ಮಾಡಿದವರು ಪೋಲೆಂಡ್‌ನವರೇ, ದಿ ನೈಟ್ಸ್ ಆಫ್ ಯೂನಿಟಿ. ಇದು ಬೇರೆ ಆಟ ಅಲ್ಲ, ಅದೇ ನಿಯಮ, ಅದೇ ನಕ್ಷೆ. ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಬೆಲೆ ಇರುತ್ತದೆ, ರಿಯಾಯಿತಿ ಬಂದಾಗ ಇನ್ನೂ ಇಳಿಯುತ್ತದೆ. ಪೆಟ್ಟಿಗೆಗೆ ಹೋಲಿಸಿದರೆ ಚಿಲ್ಲರೆ ದುಡ್ಡು.

ಇದರ ದೊಡ್ಡ ಉಪಕಾರ ಕಲಿಸುವುದು. ನಿಯಮ ಮೀರಿದ ನಡೆಗೆ ಅದು ಬಿಡುವುದೇ ಇಲ್ಲ, ಹಾಗಾಗಿ ಪುಸ್ತಕ ತಿರುವುವ ಕೆಲಸ ಇಲ್ಲ. ಕೊನೆಯ ಲೆಕ್ಕವೂ ಅದರದ್ದೇ. ಕಂಪ್ಯೂಟರ್ ಎದುರಾಳಿಗಳ ಜೊತೆ ಒಂದು ಆಟ ಗಂಟೆಯೊಳಗೆ ಮುಗಿಯುತ್ತದೆ, ದೂರದ ಊರಿನಲ್ಲಿರುವ ಗೆಳೆಯರ ಜೊತೆ ಆನ್‌ಲೈನ್ ಆಡಬಹುದು, ಒಂದೇ ಕಂಪ್ಯೂಟರ್ ಸರದಿ ಪ್ರಕಾರ ಕೈ ಬದಲಾಯಿಸಿಯೂ ಆಡಬಹುದು.

ಕಳೆದುಕೊಳ್ಳುವುದೂ ಇದೆ. ಮೇಜಿನ ಮೇಲಾದರೆ ಎದುರಿನವರ ಹಲಗೆ ಒಂದೇ ನೋಟಕ್ಕೆ ಕಾಣುತ್ತದೆ: ಅವರಿಗೆ ಇನ್ನೆರಡು ಕಬ್ಬಿಣ ಸಿಕ್ಕರೆ ನಾಲ್ಕನೇ ಮೆಕ್ ಬರುತ್ತದೆ, ಆರನೇ ಸ್ಟಾರ್ ಹತ್ತಿರ ಇದ್ದಾರೆ ಅಂತ. ಪರದೆಯಲ್ಲಿ ಅದಕ್ಕೆ ಬೇರೆ ಬೇರೆ ಕಡೆ ಒತ್ತಿ ನೋಡಬೇಕು, ಸೋಮಾರಿತನದಿಂದ ಯಾರೂ ನೋಡುವುದಿಲ್ಲ, ಆಟ ದಿಢೀರ್ ಅಂತ ಮುಗಿದಾಗ ಬೆಚ್ಚಿಬೀಳುತ್ತಾರೆ. ಸೊನ್ನೆ ತಿರುಗಿಸಿ ಗಂಭೀರವಾಗಿ ಕೂತವರ ಮುಖವೂ ಕಾಣುವುದಿಲ್ಲ. ಚಿಕ್ಕ ಫೋನ್‌ನಲ್ಲಿ ನಕ್ಷೆ ತೀರಾ ಇಕ್ಕಟ್ಟು, ಟ್ಯಾಬ್ಲೆಟ್ ಇದ್ದರೆ ವಾಸಿ.

ನನ್ನ ಸಲಹೆ ಸರಳ. ಮೊದಲು ಇದನ್ನು ಕೊಂಡು ಒಂದಷ್ಟು ಆಟ ಆಡಿ. ಕಂಪ್ಯೂಟರ್ ಜೊತೆ ಆಡಿದಾಗಲೇ "ಛೆ, ಇದನ್ನು ಜನರ ಜೊತೆ ಆಡಬೇಕಿತ್ತು" ಅನ್ನಿಸಿದರೆ ಪೆಟ್ಟಿಗೆಗೆ ದುಡ್ಡು ಹಾಕಿ. ಸುಮ್ನೆ ಲೆಕ್ಕದ ಕೆಲಸ ಅನ್ನಿಸಿದರೆ ದೊಡ್ಡ ಖರ್ಚು ಉಳಿಯಿತು.

ಮೇಲೆ ಸೇರಿಸುವ ಪೆಟ್ಟಿಗೆಗಳು

ಮೂಲ ಆಟದ ಜೊತೆಗೇ ಇವನ್ನೂ ಬುಕ್ ಮಾಡುವವರಿದ್ದಾರೆ. ಬೇಡ. ಇನ್‌ವೇಡರ್ಸ್ ಫ್ರಮ್ ಅಫಾರ್ 2016ರದ್ದು, ಅಲ್ಬಿಯನ್ ಮತ್ತು ತೊಗಾವಾ ಅಂತ ಎರಡು ಬಣ ಸೇರಿಸುತ್ತದೆ, 7 ಜನ ಆಡಬಹುದು. ಆದರೆ ಏಳು ಜನರ ಸೈತ್ ಅಂದ್ರೆ ಇಡೀ ದಿನ. ವಿಂಡ್ ಗ್ಯಾಂಬಿಟ್ 2017ರದ್ದು, ಎಲ್ಲರಿಗೂ ಒಂದೊಂದು ಹಾರುವ ಹಡಗು. ನೋಡೋಕೆ ಚೆಂದ, ಆಟಕ್ಕೆ ಅಂಥ ಉಪಕಾರ ಇಲ್ಲ. ಹತ್ತಾರು ಆಟ ಆದಮೇಲೆ ಬೇಕಾದರೆ ರೈಸ್ ಆಫ್ ಫೆನ್ರಿಸ್ ತನ್ನಿ. 2018ರದ್ದು, ಎಂಟು ಕಂತಿನ ಕಥೆ, ಪ್ರತಿ ಕಂತಿನಲ್ಲೂ ನಿಯಮ ಸ್ವಲ್ಪ ಬದಲಾಗುತ್ತದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಆಡಬಹುದು. ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಡಬ್ಬಿಗಳಿವೆ, ಏನಿದೆ ಅಂತ ನಾನು ಹೇಳುವುದಿಲ್ಲ. ಈ ಮೂರರಲ್ಲಿ ದುಡ್ಡಿಗೆ ಮೋಸ ಇಲ್ಲದ್ದು ಇದೊಂದೇ.

ಎಕ್ಸ್‌ಪೆಡಿಷನ್ಸ್

2023ರಲ್ಲಿ ಬಂದ ಮುಂದಿನ ಕಥೆ. ಇಲ್ಲಿ ಯುದ್ಧ ಮುಗಿದಿದೆ, ಸೈಬೀರಿಯಾದ ತುಂಗುಸ್ಕಾ ಕಡೆ ಉಲ್ಕೆ ಬಿದ್ದ ಜಾಗ ಹುಡುಕಿ ಹೋದ ತಂಡ ನಾಪತ್ತೆ, ನೀವು ಅವರ ಹಿಂದೆ ಹೋಗುತ್ತೀರಿ. ತುಂಗುಸ್ಕಾದಲ್ಲಿ 1908ರಲ್ಲಿ ನಿಜಕ್ಕೂ ಆಕಾಶದಲ್ಲಿ ದೊಡ್ಡ ಸ್ಫೋಟ ಆಗಿ ಕಾಡಿಗೆ ಕಾಡೇ ಮಲಗಿತ್ತು, ಕಥೆ ಹುಟ್ಟಿದ್ದು ಅಲ್ಲಿಂದ. ಒಬ್ಬೊಬ್ಬರಿಗೆ ಒಂದೇ ಮೆಕ್, ಆದರೆ ಸೈತ್‌ನದ್ದಕ್ಕಿಂತ ಬಹಳ ದೊಡ್ಡದು. ನಡೆ, ಕಾರ್ಡ್ ಆಡು, ಸಂಗ್ರಹಿಸು ಅನ್ನೋ ಮೂರು ಕೆಲಸದಲ್ಲಿ ಒಂದನ್ನು ಮುಚ್ಚಿ ಉಳಿದೆರಡು ಮಾಡುತ್ತೀರಿ. ಒಬ್ಬರನ್ನೊಬ್ಬರು ಹೊಡೆಯುವಂತೆಯೇ ಇಲ್ಲ. ಕಾರ್ಡ್ ಕೂಡಿಸಿ ಸರಪಣಿ ಕಟ್ಟುವುದು ಇಷ್ಟ ಇರುವವರಿಗೆ ಇದು ಹಬ್ಬ. ಸೈತ್‌ನ ಬೆದರಿಕೆ, ಗಡಿ, ಎದುರಾಳಿಯ ಕಣ್ಣು ತಪ್ಪಿಸುವುದು ಬೇಕಾದವರಿಗೆ ಇದು ಸಪ್ಪೆ. ಇಬ್ಬರೇ ಇದ್ದರೆ ಮಾತ್ರ ನಾನು ಸೈತ್ ಬಿಟ್ಟು ಇದನ್ನೇ ಮೇಜಿಗೆ ತರುತ್ತೇನೆ.

ಐರನ್ ಹಾರ್ವೆಸ್ಟ್, ಮೈ ಲಿಟಲ್ ಸೈತ್

ಐರನ್ ಹಾರ್ವೆಸ್ಟ್ 2020ರ ಸೆಪ್ಟೆಂಬರ್‌ನಲ್ಲಿ ಬಂದದ್ದು, ಜರ್ಮನಿಯ ಬ್ರೆಮೆನ್‌ನ ಕಿಂಗ್ ಆರ್ಟ್ ಗೇಮ್ಸ್ ಮಾಡಿದ್ದು. ಸರದಿ ಆಟ ಅಲ್ಲ, ಎಲ್ಲ ಒಟ್ಟಿಗೆ ಓಡುತ್ತಿರುತ್ತದೆ, ನೀವು ಯೋಚಿಸುತ್ತಾ ಕೂತರೆ ಎದುರಿನವರು ಬಂದು ಬಂಕರ್ ಹಿಡಿದಿರುತ್ತಾರೆ. ಇಲ್ಲಿ ಮೆಕ್ ಅಂದ್ರೆ ಮೆಕ್. ಮನೆಯ ಮಧ್ಯೆ ನಡೆದು ಹೋದರೆ ಗೋಡೆ ಉದುರುತ್ತದೆ, ಸೈನಿಕರು ಗೋಡೆ ಮರೆಯಲ್ಲಿ ಕೂತಿದ್ದರೆ ಆ ಮರೆಯೂ ಹೋಯಿತು. ಅನ್ನಾ, ವೊಯ್ಟೆಕ್ ಇಲ್ಲೂ ಇದ್ದಾರೆ, ಒಬ್ಬರೇ ಕೂತು ಆಡುವ ಕಥೆ ಉದ್ದಕ್ಕಿದೆ. ಪೆಟ್ಟಿಗೆಯ ಚಿತ್ರ ನೋಡಿ ಮನಸ್ಸಿಗೆ ಬಂದ ಆಟ ಇದೇ ಆಗಿದ್ದರೆ ಸೈತ್ ಗೊಡವೆಗೇ ಹೋಗಬೇಡಿ.

ಮೈ ಲಿಟಲ್ ಸೈತ್ ಒಬ್ಬ ಅಪ್ಪ ತನ್ನ ಮಗಳ ಜೊತೆ ಸೇರಿ ಮನೆಯಲ್ಲಿ ಮಾಡಿಕೊಂಡ ಆಟ, ಸ್ಟೋನ್‌ಮೇಯರ್ ಅದನ್ನು ಮೆಚ್ಚಿ ಪ್ರಕಟಿಸಿತು. 8 ವರ್ಷ ಮೇಲ್ಪಟ್ಟು, 6 ಜನರವರೆಗೆ, ಒಂದು ಗಂಟೆ. ಮೆಕ್ ಇಲ್ಲ, ಪ್ರಾಣಿಗಳಿವೆ. ಯುದ್ಧದ ಬದಲು ಒಬ್ಬರ ಮುಖಕ್ಕೊಬ್ಬರು ಪೈ ಎಸೆಯುತ್ತಾರೆ. ಚಕ್ರ ತಿರುಗಿಸುವುದು, ಗುಟ್ಟಿನ ಕಾರ್ಡ್, ಸ್ನೇಹದ ಪಟ್ಟಿ ಎಲ್ಲ ಇದ್ದದ್ದೇ. ಮಕ್ಕಳು ಇದನ್ನು ಚೆನ್ನಾಗಿ ಆಡಿದರೆ ನಾಲ್ಕೈದು ವರ್ಷ ಬಿಟ್ಟು ದೊಡ್ಡ ಸೈತ್‌ನಲ್ಲಿ ನಿಮ್ಮನ್ನೇ ಸೋಲಿಸುತ್ತಾರೆ.

ಸೈತ್ ಆಯ್ತು, ಬಣ ಯಾವುದು?

ಪೆಟ್ಟಿಗೆಯೋ ಪರದೆಯೋ, ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ಹೊಸಬರಿಗೆ ನಾರ್ಡಿಕ್ ಕೊಡಿ. ಶುರುವಿನಲ್ಲಿ ಎಲ್ಲರ ಸುತ್ತ ಹೊಳೆ ಇರುತ್ತದೆ, ದಾಟುವ ಶಕ್ತಿ ಬರುವುದು ಮೆಕ್ ಇಳಿಸಿದ ಮೇಲೆ, ನಾರ್ಡಿಕ್ ಆಳುಗಳು ಮಾತ್ರ ಮೊದಲ ದಿನವೇ ಈಜಿ ಹೋಗುತ್ತಾರೆ. ಕಥೆ ಇಷ್ಟಪಡುವವರಿಗೆ ಪೊಲಾನಿಯಾ, ಯಾಕಂದ್ರೆ ಮುಖಾಮುಖಿ ಕಾರ್ಡ್‌ನಲ್ಲಿ ಅವರಿಗೆ ಎರಡು ಆಯ್ಕೆ ತೆಗೆದುಕೊಳ್ಳುವ ಹಕ್ಕಿದೆ. ಲೆಕ್ಕದವರಿಗೆ ಕ್ರಿಮಿಯಾ. ಯುದ್ಧದ ಕಾರ್ಡ್ ಒಂದನ್ನು ಯಾವ ಸಾಮಾನಿನ ಬದಲಿಗಾದರೂ ಕೊಟ್ಟುಬಿಡಬಹುದು, ಆದರೆ ಶುರುವಿನಲ್ಲಿ ಕೈಯಲ್ಲಿ ಒಂದು ಕಾರ್ಡೂ ಇರುವುದಿಲ್ಲ.

ಹೊಡೆದಾಟವೇ ಬೇಕು ಅಂತ ಹಟ ಹಿಡಿದವರಿಗೆ ಸ್ಯಾಕ್ಸನಿ. ಬೇರೆಯವರಿಗೆ ಯುದ್ಧ ಗೆದ್ದದ್ದಕ್ಕೆ ಎರಡೇ ಸ್ಟಾರ್, ಇವರಿಗೆ ಮಿತಿ ಇಲ್ಲ. 1 ಪವರ್, 4 ಕಾರ್ಡ್‌ನಿಂದ ಶುರು, ಗುಂಟರ್ ಮತ್ತು ಅವನ ಎರಡು ತೋಳಗಳು ಸುರಂಗಗಳ ಹತ್ತಿರ ತಿರುಗುತ್ತಿದ್ದರೆ ಇಡೀ ಮೇಜು ಹುಷಾರಾಗುತ್ತದೆ. ರಸ್ವಿಯೆಟ್ ಎಲ್ಲರಿಗಿಂತ ಬಲಶಾಲಿ ಅನ್ನೋ ಮಾತಿದೆ. ಅದೇ ಕಂಬವನ್ನು ಮತ್ತೆ ಮತ್ತೆ ಮುಟ್ಟುವ ಹಕ್ಕು ಅವರೊಬ್ಬರಿಗೇ ಇರೋದು, ಹಾಗಾಗಿ ಮೇಜಿನಲ್ಲಿ ಪಳಗಿದವರು ಇದ್ದರೆ ಅವರಿಗೆ ಇದನ್ನು ಕೊಡಬೇಡಿ. ಅಲ್ಬಿಯನ್‌ನ ಬಾವುಟ, ತೊಗಾವಾದ ಬಲೆ ಎರಡನ್ನೂ ಎಲ್ಲಿ ಇಡಬೇಕು ಅಂತ ತಿಳಿಯೋಕೆ ನಕ್ಷೆ ಬಾಯಿಪಾಠ ಆಗಿರಬೇಕು, ಆಮೇಲೆ ನೋಡೋಣ.

ಬಣವನ್ನೂ ಕೆಲಸದ ಹಲಗೆಯನ್ನೂ ಬೇರೆ ಬೇರೆ ಎತ್ತುವುದರಿಂದ ಜೋಡಿಗಳು ಪ್ರತಿ ಸಲ ಬದಲಾಗುತ್ತವೆ. ಅದರಲ್ಲಿ ಎರಡು ಜೋಡಿ ಅತಿಯಾಯಿತು ಅಂತ ತಯಾರಕರೇ ನಿಷೇಧ ಮಾಡಿದ್ದಾರೆ: ರಸ್ವಿಯೆಟ್‌ಗೆ ಇಂಡಸ್ಟ್ರಿಯಲ್ ಹಲಗೆ, ಕ್ರಿಮಿಯಾಗೆ ಪೇಟ್ರಿಯಾಟಿಕ್ ಹಲಗೆ. ಅವು ಬಂದರೆ "ಅದೃಷ್ಟ" ಅಂತ ಇಟ್ಟುಕೊಳ್ಳಲು ಬಿಡಬೇಡಿ, ಹಲಗೆ ವಾಪಸ್ ಇಸ್ಕೊಂಡು ಬೇರೆ ಎತ್ತಿಸಿ.